ಪಾರ್ಕಿಂಗ್‌ನಲ್ಲಿ ಕುಣಿದ ಹುಲಿಮರಿಗಳು

ಮೊಮ್ಮಗಳ ಶಾಲೆಯವರು ಆ ವರ್ಷ ಬೇಸಿಗೆ ರಜೆಗೆ ಕೊಟ್ಟ ಕೆಲಸ ಒಂದೇ: ‘ಭಾರತದ ಸಂಸ್ಕೃತಿ’ ಎಂದು ಒಂದು ಚಾರ್ಟ್ ಮಾಡಿ ತರಬೇಕು. ಅವಳಿಗೆ ಆಗ ಏಳು ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮೇ ತಿಂಗಳಿಗೆಂದು ಅವಳನ್ನು ಸೀವುಡ್ಸ್‌ನ ತಮ್ಮ ಮನೆಯಿಂದ ಡೊಂಬಿವಲಿಗೆ ತಂದು ನಮ್ಮಲ್ಲಿ ಬಿಟ್ಟಿದ್ದರು. ಬರುವಾಗಲೇ ಸ್ಟೇಷನರಿ ಅಂಗಡಿಯಿಂದ ದೊಡ್ಡ ಬಣ್ಣದ ಹಾಳೆ, ಅಂಟು, ಅಚ್ಚು ಹಾಕಿದ ಚಿತ್ರಗಳು ಎಲ್ಲ ಹಿಡಿದುಕೊಂಡೇ ಬಂದಿದ್ದಳು. ಒಂದೊಂದು ರಾಜ್ಯಕ್ಕೆ ಒಂದೊಂದು ಚಿತ್ರ. ಕತ್ತರಿಸಿ ಅಂಟಿಸಿದರೆ ಸಂಸ್ಕೃತಿ ಮುಗಿಯಿತು.

ನಾವಿರುವುದು ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ತಾಗಿದ ವಸತಿ ಭಾಗದಲ್ಲಿ. ನನ್ನ ಗಂಡ ಇಲ್ಲಿಯ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದರು. ಅದೇ ಕಾರಣಕ್ಕೆ ಇಲ್ಲಿ ಮನೆ ಮಾಡಿದೆವು, ಇಲ್ಲೇ ಉಳಿದೆವು. ನಾವಿಬ್ಬರು ಮಾತಾಡುವುದು ತುಳು, ಮಗನೊಡನೆ ತುಳು ಕನ್ನಡ ಎರಡೂ. ಮೊಮ್ಮಗಳಿಗೆ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ.

ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತವಳು ಕರ್ನಾಟಕದ ಸರದಿ ಬಂದಾಗ ದೊಡ್ಡ ಕಿರೀಟ ತೊಟ್ಟ ವೇಷದ ಚಿತ್ರವೊಂದನ್ನು ಎತ್ತಿ ತೋರಿಸಿದಳು. “ಅಜ್ಜಿ, ಯೇ ಹಮಾರಾ ಹೈ ಕ್ಯಾ?”

“ನಮ್ಮ ಊರಿನದ್ದು ಹೌದು. ನಮ್ಮ ಮನೆಯದ್ದು ಅದಲ್ಲ. ನಮ್ಮ ಮನೆಯದ್ದು ಹುಲಿ.”

“ಹುಲಿ ಮತಲಬ್ ಟೈಗರ್? ಘರ್ ಮೇ?”

“ನನ್ನ ಅಪ್ಪ ಹುಲಿ ಆಗ್ತಿದ್ರು. ಪ್ರತಿ ವರ್ಷ, ನವರಾತ್ರಿಗೆ.”

ಅವಳ ಕೈಯಲ್ಲಿ ಕತ್ತರಿ ನಿಂತಿತು.

ನನ್ನ ಅಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಮಾತು ಬಹಳ ಕಡಿಮೆ. ಆದರೆ ನವರಾತ್ರಿ ಬಂತೆಂದರೆ ಮೈಗೆಲ್ಲ ಹಳದಿ ಬಳಿದು, ಕಪ್ಪು ಪಟ್ಟೆ ಬರೆಸಿಕೊಂಡು ಹುಲಿವೇಷ ಹಾಕುತ್ತಿದ್ದರು. ಬಣ್ಣ ಒಣಗುವ ತನಕ ಕೂರುವಂತಿಲ್ಲ, ಒರಗುವಂತಿಲ್ಲ. ಎರಡೂ ಕೈ ಚಾಚಿ ಕೋಲು ಹಿಡಿದು ಗಂಟೆಗಟ್ಟಲೆ ನಿಂತಿರುತ್ತಿದ್ದರು. ನಾನು ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದೆ. ತಾಸೆ ವಾದ್ಯದ ಬಡಿತ ಶುರುವಾಯಿತೋ, ದಿನಾ ತಲೆ ತಗ್ಗಿಸಿ ನಡೆಯುತ್ತಿದ್ದ ನಮ್ಮ ಅಪ್ಪ ಬೀದಿಯನ್ನೇ ಆಳುತ್ತಿದ್ದರು. ಆಗ ಹೆಣ್ಣುಮಕ್ಕಳು ವೇಷ ಹಾಕುವ ಮಾತೇ ಇರಲಿಲ್ಲ. ಆದರೆ ಅಂಗಳದಲ್ಲಿ ಅವರು ಅಭ್ಯಾಸ ಮಾಡುವುದನ್ನು ನೋಡಿ ನೋಡಿ ಒಂದೊಂದು ಹೆಜ್ಜೆಯೂ ನನಗೆ ಕಂಠಪಾಠವಾಗಿತ್ತು.

“ಕರ್‌ಕೇ ದಿಖಾವೋ ನಾ, ಅಜ್ಜಿ!”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೀಪಾಯಿ ಪಕ್ಕಕ್ಕೆ ಸರಿಸಿ, ಹುಲಿ ನೀರು ಕುಡಿಯಲು ಬರುವ ಹೆಜ್ಜೆ ಹಾಕಿ ತೋರಿಸಿದೆ. ಬೆನ್ನು ಬಗ್ಗಿಸಿ, ಕತ್ತು ಎತ್ತಿ, ಆಚೀಚೆ ನೋಡಿ, ಬೆರಳನ್ನು ಉಗುರಿನಂತೆ ಮಡಚಿ. ನನ್ನ ಗಂಡ ಪೇಪರ್ ಕೆಳಗಿಳಿಸಿ, “ಎಂತ ಮಾರಾಯ್ತಿ, ಕಾಲು ಉಂಟಾ, ಹೋಯ್ತಾ?” ಎಂದರು. ಮೊಮ್ಮಗಳು ನಗಲಿಲ್ಲ. ಕುರ್ಚಿಯಿಂದಿಳಿದು ನನ್ನ ಹಿಂದೆ ಬಗ್ಗಿ ನಿಂತಳು. ಜಾಲರಿ ಬಾಗಿಲಿನ ಆಚೆ ನಿಂತು ನೋಡುತ್ತಿದ್ದ ಎದುರು ಮನೆಯ ಮರಾಠಿ ಹುಡುಗಿಯೂ ಒಳಗೆ ಬಂದು ಅವಳ ಹಿಂದೆ ನಿಂತಳು.

ಮರುದಿನ ಮೇಲಿನ ಮಾಳಿಗೆಯ ತಮಿಳರ ಮನೆಯ ಅವಳಿ ಹುಡುಗರು ಬಂದರು. ಅವರು ಇನ್ನೂ ಐದು ವರ್ಷದವರು. ವಾರ ಕಳೆಯುವುದರೊಳಗೆ ನಮ್ಮ ಹಾಲ್ ಸಾಲದೆ ಹೋಯಿತು. ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿದೆ. “ಸಕಾಳಿ ಹಾಲ್ ಘ್ಯಾ ಕಾಕೂ, ಪಣ್ ಸ್ಪೀಕರ್ ನಕೋ” ಎಂದರು. ಬೆಳಿಗ್ಗೆ ಕೆಳಗಿನ ಹಾಲ್ ನಮ್ಮದಾಯಿತು, ಸ್ಪೀಕರ್ ಮಾತ್ರ ಹಾಕುವಂತಿಲ್ಲ.

ಮೊದಲ ದಿನ ನಾನು ಟೀಚರಂತೆ ನವರಾತ್ರಿ ಯಾಕೆ, ಹುಲಿ ಯಾಕೆ ಎಂದು ಹೇಳಲು ಹೊರಟೆ. ಅವಳಿಗಳಲ್ಲಿ ಒಬ್ಬ ಚಾಪೆಯ ಮೇಲೆ ನಿದ್ದೆಹೋದ. ಪಾಠ ಅಲ್ಲಿಗೇ ಬಿಟ್ಟೆ. ಎಲ್ಲರಿಗೂ ಒಂದು ಕೆಲಸ ಕೊಟ್ಟೆ: “ಮನೆಗೆ ಹೋಗಿ ಊರಲ್ಲಿರುವ ಅಜ್ಜನಿಗೋ ಅಜ್ಜಿಗೋ ಫೋನ್ ಮಾಡಿ. ನಮ್ಮ ಊರಲ್ಲಿ ಹುಲಿ ಕುಣಿಯುತ್ತದಾ ಅಂತ ಕೇಳಿಕೊಂಡು ಬನ್ನಿ.”

ಮಕ್ಕಳು ತಂದ ಸುದ್ದಿ ಕೇಳಿ ನನಗೇ ಆಶ್ಚರ್ಯ. ಅವಳಿಗಳ ಊರಿನಲ್ಲೂ ಹುಲಿ ಕುಣಿಯುತ್ತದೆ, ಅದಕ್ಕೆ ಪುಲಿಯಾಟ್ಟಂ ಎಂದು ಹೆಸರು. ಗುಂಪಿಗೆ ಸೇರಿದ್ದ ಮಲಯಾಳಿ ಹುಡುಗಿಯೊಬ್ಬಳ ಅಜ್ಜಿ, ಓಣಂಗೆ ಬಂದರೆ ಹೊಟ್ಟೆ ಕುಲುಕಿಸುವ ದಪ್ಪ ಹುಲಿಗಳನ್ನೇ ತೋರಿಸುತ್ತೇನೆ ಎಂದರಂತೆ. ಕೆಳಗಿನ ಮನೆಯ ವಿಜಯಪುರದ ಹೆಂಗಸು ಮಗನ ಕೈ ಹಿಡಿದು ತಾನೇ ಬಂದಳು. “ನಮ್ಮ ಕಡೆ ಅಲಾಯಿ ಹಬ್ಬದಾಗ, ಅಂದ್ರ ಮೊಹರಮ್ಮಿನಾಗ, ಹುಲಿ ಕುಣೀತಾವ್ರೀ. ನಮ್ಮ ಕಾಕಾ ಹರಕಿ ಹೊತ್ತು ಹುಲಿ ಆಗತಿದ್ರು. ನಾ ಸಣ್ಣಾಕಿದ್ದಾಗ ಅಂಜಿ ಕಟ್ಟಿ ಹಿಂದ ಅಡಗತಿದ್ದೆ” ಎಂದಳು. ನಾವು ಸಣ್ಣವರಿದ್ದಾಗ ಹುಲಿ ನಮ್ಮ ಮಂಗಳೂರಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದೆವು. ಅದು ಇಷ್ಟು ಊರು, ಇಷ್ಟು ಹಬ್ಬ ತಿರುಗಿದೆ ಎಂದು ನನಗೆ ತಿಳಿಸಿಕೊಟ್ಟದ್ದು ಆ ಮಕ್ಕಳು.

ಎಳೆಯ ಮೈಗೆ ಎಣ್ಣೆ ಬಣ್ಣ ಬೇಡವೆಂದು ಹಳೆಯ ಬನಿಯನ್‌ಗಳಿಗೆ ಹಳದಿ ಹಾಕಿ ಒಣಗಿಸಿದೆವು. ಪಟ್ಟೆಯನ್ನು ಅವರವರೇ ಬರೆದುಕೊಂಡರು. ಕೆಲವು ಹುಲಿಗಳಿಗೆ ಪಟ್ಟೆ ಉದ್ದಕ್ಕೆ, ಕೆಲವಕ್ಕೆ ಅಡ್ಡಕ್ಕೆ, ಒಂದಕ್ಕೆ ಚುಕ್ಕೆ. ಚುಕ್ಕೆ ಇದ್ದರೆ ಚಿರತೆ ಅಲ್ಲವೇ ಎಂದು ಕೇಳಿದರೆ ಆ ಹುಡುಗ ಒಪ್ಪಲಿಲ್ಲ. ನನ್ನ ಹಳೆಯ ಕಾಟನ್ ಸೀರೆ ಹರಿದು, ಹತ್ತಿ ತುಂಬಿ ಬಾಲ ಹೊಲಿದೆ. ಆ ನಡುವೆ ಸೊಸೆಯ ಫೋನ್ ಬಂತು. ಸೀವುಡ್ಸ್‌ನಲ್ಲಿ ರೊಬೊಟಿಕ್ಸ್ ಕ್ಲಾಸಿಗೆ ಹೆಸರು ಕೊಟ್ಟಿದ್ದಾಳೆ, ಶನಿವಾರ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾಳೆ. ನಾನು ಉತ್ತರಿಸುವ ಮೊದಲೇ ಮೊಮ್ಮಗಳು ಫೋನ್ ಕಿತ್ತುಕೊಂಡಳು.

“ಮಮ್ಮಾ, ಮೈ ನಹೀ ಆವೂಂಗೀ. ಮೇರಾ ಬಾಲ ಬಾಕೀ ಹೈ.”

ಫೋನ್ ಮತ್ತೆ ನನ್ನ ಕೈಗೆ ಬಂತು. ಸೊಸೆ, “ಅತ್ತೇ, ಅಲ್ಲಿ ಎಂತ ನಡೀತಾ ಉಂಟು?” ಎಂದು ಕೇಳಿದಳು. “ಆದಿತ್ಯವಾರ ಸಂಜೆ ನೀವಿಬ್ರೂ ಬಂದು ನೋಡಿ” ಎಂದೆ.

ಎಲ್ಲ ಸರಿಹೋಗಿತ್ತು, ತಾಳವೊಂದು ಬಿಟ್ಟು. ನನ್ನ ಮೊಬೈಲಿನಲ್ಲಿ ಸಿಕ್ಕ ತಾಸೆಯ ಬಡಿತ ದೊಡ್ಡವರ ಕುಣಿತದ್ದು. ಅದರ ವೇಗಕ್ಕೆ ಮಕ್ಕಳು ಒಬ್ಬರ ಬಾಲ ಒಬ್ಬರು ತುಳಿದು ಬೀಳುತ್ತಿದ್ದರು. ಎದುರು ಮನೆಯ ಹುಡುಗಿ ಆಗ ಹೇಳಿದಳು: “ಆಜೀ, ಮಾಝೀ ಆಯಿ ತಾಶಾ ವಾಜವತೆ.”

ಅವಳ ತಾಯಿ ಕಲ್ಯಾಣದ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಸೀರೆ, ಟಿಫಿನ್ ಚೀಲ, ಲೋಕಲ್ ರೈಲು ಹಿಡಿಯುವ ಅವಸರ, ಇಷ್ಟನ್ನೇ ನಾನು ಕಂಡಿದ್ದೆ. ಗಣಪತಿ ಹಬ್ಬದ ಮೆರವಣಿಗೆಯ ತಂಡದಲ್ಲಿ ಆಕೆ ತಾಶಾ ಬಾರಿಸುತ್ತಾಳೆಂದು ಇಷ್ಟು ವರ್ಷ ಎದುರು ಬಾಗಿಲಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಆ ದಿನ ಸಂಜೆ ಕೆಲಸದಿಂದ ಬಂದವಳೇ ಅಟ್ಟದಿಂದ ತಾಶಾ ಇಳಿಸಿ, ಸದ್ದು ಕಡಿಮೆಯಾಗಲೆಂದು ಮೇಲೊಂದು ಕರವಸ್ತ್ರ ಹಾಸಿ, ನನ್ನೆದುರು ಕೂತಳು. ನಮ್ಮ ತಾಸೆಯೇ! ಅದೇ ಬಾಣಲೆಯಂಥ ಹೊಟ್ಟೆ, ಅದೇ ತೆಳ್ಳಗಿನ ಎರಡು ಕಡ್ಡಿ.

“ಕಾಕೂ, ಆಪ್ ಮುಂಹ್ ಸೇ ಬೋಲೋ, ಮೈ ಪಕಡತೀ ಹೂಂ” ಎಂದಳು.

ಅಪ್ಪ ಅಂಗಳದಲ್ಲಿ ಹೇಳಿಕೊಳ್ಳುತ್ತಿದ್ದ ಹಾಗೆ ನಾನು ಬಾಯಲ್ಲಿ ತಾಳ ಹೇಳಿದೆ. ಅವಳ ಕಡ್ಡಿಗಳು ಮೊದಲು ಹುಡುಕಾಡಿದವು, ಎಡವಿದವು, ಮತ್ತೆ ಹಿಂದಕ್ಕೆ ಹೋಗಿ ಹಿಡಿದವು. ಒಮ್ಮೆ ಸಿಕ್ಕಿತು ನೋಡಿ, ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು. ಅವಳೂ ಕಣ್ಣರಳಿಸಿ, “ಅಗ ಬಾಈ, ಹಾ ತರ್ ಆಮಚಾಚ್ ಠೇಕಾ!” ಎಂದಳು. ನಮ್ಮದೇ ತಾಳ ಎಂದು ಅವಳು, ನಮ್ಮದೇ ಎಂದು ನಾನು. ಇಬ್ಬರೂ ನಕ್ಕೆವು. ಅಪ್ಪನ ತಾಳವನ್ನು ನಾನು ಕೊನೆಗೆ ಕೇಳಿ ಅದೆಷ್ಟೋ ಕಾಲವಾಗಿತ್ತು.

ಆದಿತ್ಯವಾರ ಸಂಜೆ ಕಾರುಗಳನ್ನೆಲ್ಲ ಹೊರಗೆ ನಿಲ್ಲಿಸಿ ಪಾರ್ಕಿಂಗ್ ಜಾಗ ಖಾಲಿ ಮಾಡಿಕೊಟ್ಟರು. ಇಡೀ ಕಟ್ಟಡವೇ ಕೆಳಗಿಳಿದಿತ್ತು. ಮಕ್ಕಳ ಕೆನ್ನೆಗೆ ಅರಿಶಿನ, ಅದರ ಮೇಲೆ ಕಾಡಿಗೆಯ ಗೀರು. ಮಗ ಸೊಸೆ ಬಂದು ಕಂಬದ ಪಕ್ಕ ನಿಂತಿದ್ದರು. ತಾಶಾ ಶುರುವಾಯಿತು. ಹುಲಿಗಳು ಸಾಲಾಗಿ ನೀರು ಕುಡಿಯಲು ಬಂದವು. ಜನ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಅವಳಿಗಳಲ್ಲಿ ಚಿಕ್ಕವನು ಬೆದರಿ, ನಟ್ಟ ನಡುವೆ ಕುಕ್ಕರಿಸಿ ಕೂತು ಜೋರಾಗಿ ಅಳತೊಡಗಿದ. ಅವನ ಅಮ್ಮ ಎದ್ದಳು. ನಾನೂ ಒಂದು ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ನನ್ನ ಮೊಮ್ಮಗಳು ಸಾಲು ಬಿಟ್ಟು ಹಿಂದಿರುಗಿದಳು. ಬಾಯಿಂದ ನಿಂಬೆಹಣ್ಣು ಎತ್ತುವ ಆಟ ಅವಳದು, ಎಲ್ಲರೂ ಕಾದಿದ್ದ ಆಟ. ಅದನ್ನು ಬಿಟ್ಟು ಕೈಕಾಲು ಊರಿ ಅವನ ಸುತ್ತ ಒಂದು ಸುತ್ತು ಬಂದಳು. ತಾಯಿ ಹುಲಿ ಮರಿಯನ್ನು ಎಬ್ಬಿಸುವುದನ್ನು ನಾನು ಒಂದೇ ಒಂದು ದಿನ, ಸುಮ್ಮನೆ ಆಟಕ್ಕೆಂದು ತೋರಿಸಿದ್ದೆ. ಅವಳು ಹಾಗೆಯೇ ತಲೆಯಿಂದ ಅವನ ಭುಜ ತಿವಿದಳು, ಮತ್ತೆ ತಿವಿದಳು. ಎದುರು ಮನೆಯವಳ ಜಾಣತನವನ್ನೂ ಹೇಳಬೇಕು: ಅವಳು ತಾಶಾ ನಿಲ್ಲಿಸಲಿಲ್ಲ, ಕಡ್ಡಿಯ ತುದಿಯಲ್ಲಿ ಮೆಲ್ಲಗೆ ನುಡಿಸುತ್ತಾ ಕಾದಳು. ಹುಡುಗನ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಅವನು ಮೂಗು ಒರೆಸಿಕೊಂಡು, ಬಾಲ ಸರಿಮಾಡಿಕೊಂಡು ಅವಳ ಹಿಂದೆ ನಾಲ್ಕು ಕಾಲಲ್ಲಿ ಹೊರಟ. ತಾಶಾ ಮತ್ತೆ ಏರಿತು. ಆಗ ಆ ಪಾರ್ಕಿಂಗ್‌ನಲ್ಲಿ ಎದ್ದ ಚಪ್ಪಾಳೆಗೆ ಯಾವ ಹುಲಿಯೂ ಬೆದರಲಿಲ್ಲ.

ಕುಣಿತ ಮುಗಿದ ಮೇಲೆ ಕಾರ್ಯದರ್ಶಿ, “ಇದೇನೆಂದು ಯಾರಾದರೂ ಹೇಳಿ” ಎಂದು ಮಕ್ಕಳನ್ನು ಕೇಳಿದರು. ಮೊಮ್ಮಗಳು ಕಂಬದ ಪಕ್ಕದಲ್ಲಿದ್ದ ಅಪ್ಪ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. “ಇದು ನಮ್ಮ ಹುಲಿ. ಮೇರೀ ಅಜ್ಜಿಯ ಅಪ್ಪನ ಹುಲಿ. ಮತ್ತೆ ಇವನ ಊರಿಂದು. ಮತ್ತೆ ಇವಳ ಊರಿಂದು. ಸಬ್ ಕಾ ಹೈ” ಎಂದಳು. ಅಷ್ಟುದ್ದ ಕನ್ನಡವನ್ನು ಅವಳ ಬಾಯಿಂದ ನಾನು ಅದೇ ಮೊದಲು ಕೇಳಿದ್ದು. ಸೊಸೆ ನನ್ನ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. ನನ್ನ ಗಂಡ ಮಾತ್ರ ಸಿಕ್ಕಸಿಕ್ಕವರಿಗೆಲ್ಲ, “ಕಲಿಸಿದ್ದು ನಮ್ಮವಳು, ಗೊತ್ತಾಯ್ತಲ್ಲ?” ಎಂದು ಹೇಳುತ್ತಾ ತಣ್ಣನೆಯ ಸಿಹಿ ಹಾಲು ಹಂಚುತ್ತಿದ್ದರು. ನಾನು ತಡೆಯಲಿಲ್ಲ. ಆ ದಿನ ಅದನ್ನು ಕೇಳುವುದು ನನಗೂ ಬೇಕಿತ್ತು.

ಎರಡು ದಿನ ಬಿಟ್ಟು ನಾನೇ ಅವಳನ್ನು ಸೀವುಡ್ಸ್‌ಗೆ ಕರೆದುಕೊಂಡು ಹೋದೆ. ಥಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿದೆವು. ಅವಳ ಚಾರ್ಟ್ ಸುರುಳಿಯಾಗಿ ನನ್ನ ತೊಡೆಯ ಮೇಲಿತ್ತು. ಅಂಗಡಿಯ ಚಿತ್ರಗಳ ಬದಲು ಅದರಲ್ಲಿ ಅವಳೇ ಬರೆದ ಹುಲಿಗಳು, ಪ್ರತಿ ಹುಲಿಯ ಕೆಳಗೆ ಅದರ ಊರು. ಐರೋಲಿ ದಾಟಿದ ಮೇಲೆ ಎದುರಿಗೆ ಕೂತಿದ್ದ ಹೆಂಗಸು ಅವಳ ಕಿವಿಯ ಹಿಂದೆ ಇನ್ನೂ ಉಳಿದಿದ್ದ ಕಾಡಿಗೆ ಕಂಡು, “ಹೇ ಕಾಯ್ ಲಾಗಲಂಯ, ಬಾಳಾ?” ಎಂದು ಅದೇನು ಹತ್ತಿದೆಯೆಂದು ಕೇಳಿದಳು.

ಮೊಮ್ಮಗಳು ಸೀಟಿನ ಅಂಚಿಗೆ ಸರಿದು ಕೂತು, ಹುಲಿಯ ಕತೆಯನ್ನು ಮೊದಲಿಂದ, ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಹೇಳತೊಡಗಿದಳು. ಹೆಂಚಿನ ಕಾರ್ಖಾನೆ, ಕೋಲು ಹಿಡಿದು ನಿಲ್ಲುವುದು, ಬೀಸಣಿಗೆ, ಯಾವುದನ್ನೂ ಬಿಡಲಿಲ್ಲ. ಅಕ್ಕಪಕ್ಕದ ಹೆಂಗಸರೂ ಮೊಬೈಲು ಬದಿಗಿಟ್ಟು ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಸೀವುಡ್ಸ್ ಬರುವ ತನಕ ಕೇಳುತ್ತಾ ಕೂತಿದ್ದೆ.