‘ಡಿಟೇನ್’ ಅಂದರೆ ಏನೆಂದು ತಿಳಿದ ದಿನ

ನಾನು ಚಿಕ್ಕವನಿದ್ದಾಗ ಯಾರ ಮಾತನ್ನೂ ಸುಮ್ಮನೆ ನುಂಗುತ್ತಿರಲಿಲ್ಲ. ‘ಬೆಕ್ಕು ಅಡ್ಡ ಬಂತು, ತುಸು ನಿಂತು ಹೋಗು’ ಎಂದು ಅವ್ವ ಹೇಳಿದರೆ, ‘ಬೆಕ್ಕಿಗೂ ನಾನು ಅಡ್ಡ ಬಂದೆನಲ್ಲ, ಅದು ಯಾಕೆ ನಿಲ್ಲಲಿಲ್ಲ?’ ಎನ್ನುತ್ತಿದ್ದೆ. ಮನೆಯಲ್ಲಿ ನನಗೆ ‘ವಕೀಲ’ ಎಂದೇ ಹೆಸರು ಬಿದ್ದಿತ್ತು. ಊಟಕ್ಕೆ ಕೂತಾಗ ನೀವು ವಾದಕ್ಕಿಳಿದರೆ ನಿಮ್ಮ ಅಜ್ಜಿ ನಿಮ್ಮನ್ನು ಬಿಟ್ಟು ನನ್ನ ಕಡೆ ಯಾಕೆ ಕೆಂಗಣ್ಣು ಬೀರುತ್ತಾಳೆ ಎಂದು ಈಗ ತಿಳಿಯಿತಲ್ಲ?

ಆಗ ನಮ್ಮ ಮನೆ ಇಳಕಲ್ಲಿನಲ್ಲಿತ್ತು. ನಡುಮನೆಯಲ್ಲೇ ಮಗ್ಗದ ಕುಣಿ. ಅಪ್ಪ ಅದರಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರೆ, ಆ ಟಕ್ ಟಕ್ ಸದ್ದಿಗೆ ಸರಿಯಾಗಿ ನಾನು ಇಂಗ್ಲೀಷ್ ಶಬ್ದಗಳನ್ನು ಬಾಯಿಪಾಠ ಮಾಡುತ್ತಿದ್ದೆ. ನಮ್ಮ ಮಾಸ್ತರರು ಕಲಿಸುವ ರೀತಿ ಒಂದೇ: ಶಬ್ದ, ಅದರ ಅರ್ಥ, ಅದನ್ನು ಬಳಸಿದ ಒಂದು ವಾಕ್ಯ. ಒಂದು ದಿನ ‘ಡಿಟೇನ್’ ಎಂಬ ಕ್ರಿಯಾಪದ ಬಂತು. ಅರ್ಥ, ತಡೆದು ನಿಲ್ಲಿಸು. ವಾಕ್ಯ, ಮಳೆ ನನ್ನನ್ನು ಡಿಟೇನ್ ಮಾಡಿತು.

ನಾನು ಎದ್ದು ನಿಂತೆ. “ಸರ, ಮಳಿಗೆ ಕೈ ಎಲ್ಲಿ ಅದಾವ್ರಿ ತಡಿಯಾಕ? ತೋಯ್ತೇನಿ ಅಂತ ಹೆದರಿ ಆ ಮನಶ್ಯಾ ತಾನ ನಿಂತಾನ.”

ಮಾಸ್ತರರು ಸಿಟ್ಟಾಗಲಿಲ್ಲ. ಸಾಲೆ ಬಿಟ್ಟ ಮೇಲೆ ನನ್ನೊಬ್ಬನನ್ನೇ ಒಳಗೆ ಉಳಿಸಿಕೊಂಡು ತಾವು ಬಾಗಿಲಿಗೆ ಅಡ್ಡ ನಿಂತರು. “ಈಗ ನಾ ನಿನ್ನ ಡಿಟೇನ್ ಮಾಡೇನಿ. ತಿಳೀತೇನಪಾ ವಕೀಲಾ?” ಎಂದು ಸ್ವಲ್ಪ ಹೊತ್ತಿಗೆ ತಾವೇ ನಕ್ಕು ದಾರಿ ಬಿಟ್ಟರು. ಹೋಗುವಾಗ ಒಂದು ಮಾತು ಹೇಳಿದರು: “ವಾದ ಮಾಡಾವ ಒದರಬಾರದು. ಎದುರಿನವನ ಕಾರಣ ಏನು ಅಂತ ಅವನ ಬಾಯಿಂದನ ಹೇಳಿಸಬೇಕು. ಆಮ್ಯಾಲೆ ಆ ಕಾರಣ ಒಂದನ್ನ ಹಿಡದು ಜಗ್ಗಬೇಕು.” ಅಂದಿನಿಂದ ಡಿಟೇನ್ ಎಂದರೆ ನನಗೆ ಇಷ್ಟೇ ಆಯಿತು: ಮಳೆ ನಿಂತರೆ ಬಿಡುಗಡೆ, ಇಲ್ಲವೆ ಮಾಸ್ತರರು ನಕ್ಕರೆ ಬಿಡುಗಡೆ.

ಅದು ಪ್ಲೇಗಿನ ಕಾಲ. ಆ ಹೆಸರು ನಿಮಗೆ ಪುಸ್ತಕದ್ದು. ನಮಗೆ ಅದು ಓಣಿಯದು. ಮನೆಯೊಳಗೆ ಒಂದು ಇಲಿ ಸತ್ತು ಬಿದ್ದರೆ ಸಾಕು, ಓಣಿಗೆ ಓಣಿಯೇ ಊರ ಹೊರಗೆ ಗುಡಿಸಲು ಹಾಕಿಕೊಂಡು ಕೂಡುತ್ತಿತ್ತು. ರೋಗ ಬಂದವರಿಗೆ ಜ್ವರ ಸುಡುತ್ತಿತ್ತು, ಬಗಲಲ್ಲೋ ತೊಡೆಯ ಸಂದಿಯಲ್ಲೋ ಗಡ್ಡೆ ಏಳುತ್ತಿತ್ತು. ಗಡ್ಡೆ ಎದ್ದ ಮೇಲೆ ಉಳಿದವರು ಬಹಳ ಕಡಿಮೆ. ಅದಕ್ಕೇ ಸರಕಾರದವರು ರೈಲು ಹತ್ತುವವರನ್ನೆಲ್ಲ ಸ್ಟೇಶನ್ನಿನಲ್ಲಿ ಮುಟ್ಟಿ ತಪಾಸಣೆ ಮಾಡುತ್ತಿದ್ದರು.

ಅಕ್ಕನ ಗಂಡನ ಮನೆ ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿ. ಅವಳನ್ನು ಕಳಿಸಿ ಬರಲು ಅಪ್ಪ ಹೊರಟಾಗ ನನಗೂ ರೈಲು ತೋರಿಸುತ್ತೇನೆಂದು ಜೊತೆಗೆ ಕರೆದುಕೊಂಡ. ಅಮೀನಗಡದ ಮೇಲೆ ಹಾಯ್ದು ರಾತ್ರಿಯೆಲ್ಲ ಚಕ್ಕಡಿಯಲ್ಲಿ ಕೂತು ಬಾಗಲಕೋಟೆಗೆ ಬಂದೆವು. ಹೊರಡುವ ಮೊದಲು ಅಪ್ಪ ತನ್ನ ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಎಡ ಬಗಲಿನ ಸಂದಿಗೆ ಬಿಗಿದು ಕಟ್ಟಿಕೊಂಡಿದ್ದ. ಬೇರೆ ದಿನಗಳಲ್ಲಿ ಅದು ಎದೆಯ ಮೇಲೆ ಇರುತ್ತಿತ್ತು. ಆದರೆ ಲಿಂಗ ಮೈ ಬಿಟ್ಟು ಎಲ್ಲಾದರೂ ಬಿದ್ದರೆ ಅದು ಜೀವ ಹೋದಂತೆಯೇ ಎಂದು ನಂಬಿದವರು ನಾವು. ಚಕ್ಕಡಿಯ ಕುಲುಕಾಟಕ್ಕೆ, ಸ್ಟೇಶನ್ನಿನ ನೂಕಾಟಕ್ಕೆ ಹೆದರಿ, ದೂರ ಹೋಗುವಾಗ ಹಾಗೆ ಕಟ್ಟಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಆ ಪದ್ಧತಿಯೇ ನಮ್ಮನ್ನು ಸಿಕ್ಕಿಸಿತು.

ಸ್ಟೇಶನ್ನಿನಲ್ಲಿ ಕಲ್ಲಿದ್ದಲ ಹೊಗೆ, ಫಿನಾಯಿಲಿನ ವಾಸನೆ. ಹೆಂಗಸರನ್ನು ಒಬ್ಬ ಆಯಾ ಪರದೆಯ ಹಿಂದೆ ನೋಡುತ್ತಿದ್ದಳು. ಅಕ್ಕ ಪಾರಾಗಿ ಬಂದಳು. ಗಂಡಸರ ಸಾಲಿನ ಕೊನೆಗೆ ಒಬ್ಬ ಇಂಗ್ಲೀಷ್ ಡಾಕ್ಟರ ಸಾಹೇಬ, ಅವನ ಪಕ್ಕಕ್ಕೆ ಒಬ್ಬ ಸಿಪಾಯಿ. ಸಾಹೇಬನಿಗೆ ಬರುತ್ತಿದ್ದ ಕನ್ನಡ ಒಂದೇ, “ಕೈ ಮ್ಯಾಲೆ!” ನನ್ನ ಬಗಲಿಗೆ ಕೈ ಹಾಕಿದಾಗ ಕಚಗುಳಿಯಾಗಿ ನಕ್ಕುಬಿಟ್ಟೆ. ಅಪ್ಪನ ಸರದಿ ಬಂತು. ಸಾಹೇಬನ ಬೆರಳು ಅಂಗಿಯ ಮೇಲಿಂದ ಎಡ ಬಗಲನ್ನು ಒತ್ತಿದ್ದೇ ತಡ, ಅಪ್ಪ ಕೆಂಡ ತಾಗಿದವನಂತೆ ಹಿಂದಕ್ಕೆ ಜಿಗಿದ.

“ಮುಟ್ಟಬ್ಯಾಡ್ರಿ! ಅದು ಲಿಂಗ ಐತ್ರಿ!”

ಪರರು ಲಿಂಗ ಮುಟ್ಟಿದರಲ್ಲಾ ಎಂದು ಅಪ್ಪ ಜಿಗಿದ. ಆದರೆ ಸಾಹೇಬನ ಕೈಗೆ ಸಿಕ್ಕದ್ದು ಬಗಲಲ್ಲಿ ಒಂದು ಗಟ್ಟಿ ಗಡ್ಡೆ, ಕಣ್ಣಿಗೆ ಬಿದ್ದದ್ದು ಮುಟ್ಟಿದರೆ ಹೌಹಾರುವ ಮನುಷ್ಯ. ಪ್ಲೇಗಿನವರೂ ಹಾಗೆಯೇ ಜಿಗಿಯುತ್ತಿದ್ದರಂತೆ. ಸಿಪಾಯಿ ಏನೋ ತಿಳಿಸಿ ಹೇಳಿದ. ಸಾಹೇಬ ತಲೆ ಅಲ್ಲಾಡಿಸಿದ. ಅಂಗಿ ಬಿಚ್ಚಿ, ಗಂಟು ಬಿಚ್ಚಿ ತೋರಿಸು ಎಂದು ಸಿಪಾಯಿಯಿಂದ ಹೇಳಿಸಿದ. ಅಷ್ಟು ಮಂದಿಯ ನಡುವೆ, ಬೂಟುಗಾಲುಗಳ ಎದುರು ಲಿಂಗ ಬಿಚ್ಚುವುದೇ? ಅಪ್ಪ ಬಲಗೈಯಿಂದ ಬಗಲು ಅವುಚಿಕೊಂಡು ಕಲ್ಲಿನಂತೆ ನಿಂತ.

“ಡಿಟೇನ್,” ಎಂದ ಸಾಹೇಬ.

ನಮ್ಮನ್ನು ಹಳಿಗಳ ಆಚೆ ಒಂದು ತಗಡಿನ ಶೆಡ್ಡಿಗೆ ಕರೆದೊಯ್ದರು. ಜೊತೆಗೆ ಬಂದವರನ್ನೂ ಬಿಡುವಂತಿಲ್ಲ ಎಂಬ ಕಾಯ್ದೆ. ಹಾಗಾಗಿ ಅಕ್ಕ, ನಾನು, ಇಬ್ಬರೂ ಒಳಗೆ. ಬಾಗಿಲು ಮುಚ್ಚಿತು; ಹೊರಗಿನಿಂದ ಚಿಲಕ ಬಿತ್ತು.

ಬಿಸಿಲಿಗೆ ತಗಡು ಹೆಂಚಿನಂತೆ ಕಾದಿತ್ತು. ನೆಲಕ್ಕೆ ಬಳಿದ ಹಸಿ ಸುಣ್ಣ ಕಣ್ಣಿಗೆ ಉರಿ ಹಚ್ಚುತ್ತಿತ್ತು. ಒಂದು ಮೂಲೆಯಲ್ಲಿ ಯಾರೋ ಕಂಬಳಿ ಹೊದ್ದು ಮಲಗಿದ್ದರು. ಮುಖ ಕಾಣುತ್ತಿರಲಿಲ್ಲ, ನರಳುವ ಸದ್ದು ಮಾತ್ರ. ಇನ್ನೊಂದು ಮೂಲೆಯಲ್ಲಿ ಬಳೆಯ ಮಲಾರ ಮುಂದಿಟ್ಟುಕೊಂಡು ಒಬ್ಬ ಮುದುಕ, ಎಲ್ಲರೂ ಚಾಚಾ ಎಂದು ಕರೆಯುವ ಹುನಗುಂದದ ಬಳೆಗಾರ, ನಡುಗುತ್ತ ಕೂತಿದ್ದ. ಅವನಿಗೆ ಜ್ವರ ಇತ್ತು.

“ಹೆದರಬ್ಯಾಡಕ್ಕಾ,” ಎಂದೆ ನಾನು, ಪಂಡಿತನಂತೆ. “ಡಿಟೇನ್ ಅಂದ್ರ ತುಸು ಹೊತ್ತು ನಿಂದರಸೂದು. ಆಮ್ಯಾಲೆ ನಕ್ಕೋತ ಬಿಡ್ತಾರ.”

ಚಾಚಾ ಕೆಮ್ಮುತ್ತಲೇ ನಕ್ಕ. “ನಿಮ್ಮ ಸಾಲ್ಯಾಗ ಹಂಗ ಕಲಸ್ಯಾರೇನು? ಲೇ ಹುಡುಗಾ, ಸಂಜಿಗೆ ಇಲ್ಲಿದ್ದವರನ್ನೆಲ್ಲಾ ಪ್ಲೇಗ್ ಕ್ಯಾಂಪಿಗೆ ಒಯ್ತಾರ. ಅಲ್ಲಿ ಹೋದವರು ನಕ್ಕೋತ ಬಂದದ್ದು ನಾ ಇನ್ನೂ ನೋಡಿಲ್ಲ.”

ಹೊರಗೆ ಸೀಟಿ ಕೂಗಿತು. ನಾನು ನೋಡಲೆಂದೇ ಬಂದಿದ್ದ ರೈಲು ನನಗೆ ಕಾಣದಂತೆಯೇ ಬಾದಾಮಿಯ ಕಡೆ ಹೊರಟುಹೋಯಿತು. ನೆಲ ಮಾತ್ರ ನಡುಗಿತು. ಅಪ್ಪನಿಗೆ ರೋಗವಿಲ್ಲ. ಆದರೆ ರೋಗ ಇಲ್ಲೇ, ಆ ಕಂಬಳಿಯ ಕೆಳಗೆ ನರಳುತ್ತಿದೆ. ಸಂಜೆಯವರೆಗೆ ಇಲ್ಲಿದ್ದು, ಆಮೇಲೆ ಕ್ಯಾಂಪಿಗೆ ಹೋದರೆ ನಮ್ಮಲ್ಲಿ ಯಾರಿಗೆ ಅದು ಅಂಟುವುದಿಲ್ಲ?

ಬಾಗಿಲ ಸಂದಿನಿಂದ ಸಿಪಾಯಿಯನ್ನು ಕೂಗಿ ಕೇಳಿದೆ: ಎಲ್ಲಿಯವರೆಗೆ?

“ಸಾಹೇಬರು ಬಿಡು ಅನ್ನೂತನಾ.”

“ನಮ್ಮಪ್ಪಂದು ಲಿಂಗ ಅಂತ ನಿಮಗ ಗೊತ್ತೈತಲ್ರಿ? ಹೇಳ್ರಿ ಅವರಿಗೆ!”

“ಹೇಳಿಲ್ಲೇನೋ ನಾನು? ನಿನ್ನೆ ಒಬ್ಬಾವ ತಾಯತ ಅಂತ ಹೇಳಿ ಅದರ ಕೆಳಗ ಗಡ್ಡಿ ಮುಚ್ಚಿಟ್ಟಿದ್ದ. ಇವತ್ತ ನಮ್ಮ ಸಾಹೇಬ ದೇವರು ಬಂದು ಹೇಳಿದ್ರೂ ನಂಬೂದಿಲ್ಲ.”

ನಾನು ಗೋಡೆಗೆ ಒರಗಿ ಕೂತೆ. ತಗಡು ಬೆನ್ನು ಸುಟ್ಟಿತು. ಮಳೆಯನ್ನು ಯಾಕೆಂದು ಕೇಳಲು ಬರುವುದಿಲ್ಲ. ಆದರೆ ಸಾಹೇಬ ಮಳೆಯಲ್ಲ. ಮನುಷ್ಯ ತಡೆದಿದ್ದರೆ ಅವನಿಗೊಂದು ಕಾರಣ ಇದ್ದೇ ಇರಬೇಕು. ಆ ಕಾರಣ ಬಿದ್ದುಹೋದರೆ ತಡೆಯೂ ಬೀಳಲೇಬೇಕು. ಮಾಸ್ತರರು ಬಾಗಿಲಲ್ಲಿ ಹೇಳಿದ್ದು ಇದನ್ನೇ ಅಲ್ಲವೇ?

ಬೆಳಗಿನಿಂದ ಅಪ್ಪ ಹನಿ ನೀರು ಕುಡಿದಿರಲಿಲ್ಲ. ಆ ದಿನದ ಲಿಂಗಪೂಜೆ ಆಗದೆ ಅವನು ನೀರು ಮುಟ್ಟುವವನಲ್ಲ. ತುಟಿ ಒಣಗಿ ಬಿರಿದಿದ್ದವು. ಮನೆಯಿಂದ ತಂದ ತಂಬಿಗೆಯ ನೀರನ್ನು ಅಕ್ಕ ಸೆರಗಿನ ಮರೆಯಲ್ಲಿ ಕಾಯ್ದುಕೊಂಡು ಕೂತಿದ್ದಳು. “ಇಲ್ಲೇ ಪೂಜಿ ಮಾಡಿಕೋ ಅಪ್ಪಾ, ನಾ ಧೋತರ ಅಡ್ಡ ಹಿಡೀತೇನಿ,” ಎಂದಳು. ಅದನ್ನು ಕೇಳಿದಾಗ ನನಗೆ ಹೊಳೆಯಿತು. ಪೂಜೆಯ ಹೊತ್ತಿಗೆ ಲಿಂಗ ಎಲ್ಲಿರುತ್ತದೆ? ಎಡ ಅಂಗೈಯ ಮೇಲೆ! ಆಗ ಬಗಲು ಖಾಲಿ!

“ಅಪ್ಪಾ, ತಡಿ! ಸಾಹೇಬ ಬರ್ಲಿ. ನೀ ಪೂಜಿ ಮಾಡೂ ಮುಂದ ಅವ ಬಗಲ ನೋಡ್ಲಿ.”

ಅಪ್ಪನ ಕಣ್ಣು ಕೆಂಪಾದವು. “ಪೂಜಿ ಹೊತ್ತಿನ್ಯಾಗ ಮಂದಿ ಕೈ ನನ್ನ ಮೈಮ್ಯಾಲೆ? ಕ್ಯಾಂಪಿಗೆ ಹೊಕ್ಕೇನಿ, ಅದನ್ನ ಒಪ್ಪೂದಿಲ್ಲ.”

ವಾದ ಕಲಿತವನು ನಾನು, ಆದರೆ ಬಾಯಿ ತೆರೆದವಳು ಅಕ್ಕ.

“ಲಿಂಗ ನಿನ್ನ ಕೈಯಾಗ ಇರ್ತೈತಿ, ಅದರ ಮ್ಯಾಲೆ ವಸ್ತ್ರ ಇರ್ತೈತಿ. ಅವ ಮುಟ್ಟೂದು ಬಗಲ. ಬಗಲಿಗೆ ಯಾವಾಗ ಬಂತು ಮಡಿ? ನೀ ಕ್ಯಾಂಪಿಗೆ ಹೊಕ್ಕೀ, ಸರಿ. ಇವನ್ನೂ ಕರ್ಕೊಂಡು ಹೊಕ್ಕೀಯೇನು?” ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು.

ಅಪ್ಪ ಆ ಕಂಬಳಿಯ ಕಡೆ ನೋಡಿದ. “ನಿಮ್ಮವ್ವನ್ನ ಕರ್ಕೊಂಡು ಬಂದಿದ್ರ ಛಲೋ ಇತ್ತು. ಆಕಿ ಬಗಲಿಗೆ ಮಡಿ ಐತೋ ಇಲ್ಲೋ ಅಂತ ಕೇಳತಿದ್ದಿಲ್ಲ,” ಎಂದ. ಅದು ಒಪ್ಪಿಗೆ.

ಬಿಸಿಲು ಇಳಿಯುವಾಗ ಸಾಹೇಬ ಬಂದ. ಬಾಗಿಲು ತೆರೆದ ಕೂಡಲೇ ನಾನು ಮುಂದೆ ಹೋದೆ. “ಸರ್, ವೈ ಯು ಡಿಟೇನ್ ಮೈ ಫಾದರ್?”

ಸಾಹೇಬ ನಿಂತ. ಆ ಶೆಡ್ಡಿನೊಳಗೆ ಯಾರೂ ಅವನನ್ನು ಅವನ ಭಾಷೆಯಲ್ಲಿ ‘ಯಾಕೆ’ ಎಂದು ಕೇಳಿರಲಿಲ್ಲವೆಂದು ಕಾಣುತ್ತದೆ. ತನ್ನ ಬಗಲು ಮುಟ್ಟಿ ತೋರಿಸಿ ಏನೋ ಅಂದ; ಗಡ್ಡೆ ಐತೆಂದು ಸಿಪಾಯಿ ತಿಳಿಸಿದ.

“ನೋ ಗಡ್ಡೆ, ನೋ ಡಿಟೇನ್, ಸರ್?” ಗಡ್ಡೆಗೆ ಇಂಗ್ಲೀಷ್ ಶಬ್ದ ನನಗೆ ಬರುತ್ತಿರಲಿಲ್ಲ. ಸಿಪಾಯಿ ಮುಸಿಮುಸಿ ನಕ್ಕು ಅದನ್ನು ಸಾಹೇಬನಿಗೆ ತಿಳಿಸಿದ. ಸಾಹೇಬ ನಗಲಿಲ್ಲ; ತಲೆ ಆಡಿಸಿದ, ಹೌದು ಎಂದು. ಕಾರಣ ಅವನ ಬಾಯಿಂದ ಬಂತು, ಒಪ್ಪಿಗೆಯೂ ಬಂತು.

ಅಪ್ಪ ಗೋಡೆಯ ಕಡೆ ಮುಖ ಮಾಡಿ ಅಂಗಿ ತೆಗೆದ. ಅಕ್ಕ ಗಂಟಿನಿಂದ ಅವನ ಇನ್ನೊಂದು ಧೋತರ ತೆಗೆದು ಅಡ್ಡ ಹಿಡಿದಳು. ವಿಭೂತಿಯ ಪರಿಮಳ ಫಿನಾಯಿಲಿನ ನಡುವೆ ಒಂದು ಕ್ಷಣ ಮನೆಯನ್ನೇ ಅಲ್ಲಿಗೆ ತಂದಿತು. ಅಪ್ಪ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಮೇಲೆ ವಸ್ತ್ರ ಮುಚ್ಚಿ, ಎಡಗೈಯನ್ನು ಹಣೆಗಿಂತ ಮೇಲಕ್ಕೆ ಎತ್ತಿದ. ಈಗ ನೋಡಿ ಎಂದು ನಾನು ಸನ್ನೆ ಮಾಡಿದೆ; ಸಾಹೇಬನ ಕೈ ಧೋತರದ ಮರೆಗೆ ಹೋಯಿತು. ಅಪ್ಪನ ಮೈ ಒಮ್ಮೆ ಜುಮ್ಮೆಂದು ಕಂಪಿಸಿತು. ಎತ್ತಿದ ಕೈ ಮಾತ್ರ ಅಲುಗಲಿಲ್ಲ.

ಸಾಹೇಬ ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ, ಮತ್ತೊಮ್ಮೆ ಎಡಕ್ಕೆ. ಆಮೇಲೆ ಹಿಂದೆ ಸರಿದು, ಆ ಎತ್ತಿದ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿ, “ರಿಲೀಸ್,” ಎಂದ.

ಆ ಶಬ್ದವನ್ನು ಮಾಸ್ತರರು ಇನ್ನೂ ಕಲಿಸಿರಲಿಲ್ಲ. ಅದರ ಅರ್ಥವನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ. ಸಿಪಾಯಿ ಬಾಗಿಲ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತ, ಅಷ್ಟೇ.

ಗೆದ್ದ ಹುರುಪಿನಲ್ಲಿ ನಾನು ಚಾಚಾನ ಕಡೆ ಕೈ ಮಾಡಿ ಕೇಳಿದೆ: “ಸರ್, ವೈ ಯು ಡಿಟೇನ್ ಚಾಚಾ?”

“ಫೀವರ್.”

“ನೋ ಫೀವರ್, ನೋ ಡಿಟೇನ್?”

ಸಾಹೇಬ ಜ್ವರ ಅಳೆಯುವ ಗಾಜಿನ ಕಡ್ಡಿ ತೆಗೆದು ಚಾಚಾನ ಬಾಯಲ್ಲಿಟ್ಟ. ಹೊರತೆಗೆದು ಬೆಳಕಿಗೆ ಹಿಡಿದ. ನನಗೂ ತೋರಿಸಿದ. ಅದನ್ನು ಓದಲು ನನಗೆ ಬರುತ್ತಿರಲಿಲ್ಲ. ಆದರೆ ಚಾಚಾನ ಹಲ್ಲು ಕಟಕಟ ಎನ್ನುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಈ ಸಲ ಕಾರಣ ಖರೆ ಇತ್ತು. ಅದನ್ನು ಹಿಡಿದು ಜಗ್ಗಿದರೆ ಬರುವಂಥದಲ್ಲ.

“ಹೋಗೋ ವಕೀಲಾ,” ಎಂದ ಚಾಚಾ. “ಒಂದು ಕೇಸು ಗೆದ್ದಿ, ಸಾಕು. ರಾತ್ರಿ ರೈಲು ಸಿಗ್ತೈತಿ, ಜಲ್ದಿ ಹೋಗ್ರಿ.”

ಅಪ್ಪ ಹೊಸ್ತಿಲ ತನಕ ಹೋದವನು ತಿರುಗಿ ಬಂದ. ಪೂಜೆ ಮುಗಿದಿತ್ತು, ತಾನು ಎರಡು ಗುಟುಕು ಕುಡಿದಿದ್ದ. ತಂಬಿಗೆಯಲ್ಲಿ ಉಳಿದ ನೀರನ್ನು ಚಾಚಾನ ಬೊಗಸೆಗೆ ತಾನೇ ಬಾಗಿ ಹೊಯ್ದ. ಹೊಯ್ಯುವಾಗ ಅವರಿಬ್ಬರ ಕೈ ತಾಗಿದವು. ಅಪ್ಪ ಜಿಗಿಯಲಿಲ್ಲ.

ಚಾಚಾ ಮುಂದೆ ಏನಾದ? ನನಗೆ ಗೊತ್ತಿಲ್ಲ. ಅದು ಬರೀ ಚಳಿಜ್ವರವೇ ಆಗಿದ್ದೀತು, ವಾಸಿಯಾಗಿ ಹುನಗುಂದಕ್ಕೆ ಹೋಗಿ ಮತ್ತೆ ಬಳೆ ಮಾರಿದ್ದಾನು ಎಂದು ನಾನು ಎಷ್ಟೋ ಸಲ ನನ್ನೊಳಗೇ ವಾದ ಹೂಡಿದ್ದೇನೆ. ಆಧಾರ ಒಂದೂ ಇಲ್ಲ. ಆಧಾರವಿಲ್ಲದೆ ನಾನು ಹೂಡುವ ವಾದ ಅದೊಂದೇ.

ಸಾಹೇಬ ರಾಕ್ಷಸನಾಗಿದ್ದನೇ ಎಂದು ನೀವು ಕೇಳುತ್ತೀರಿ. ಅಲ್ಲ. ರೋಗ ಖರೆ ಇತ್ತು, ತಡೆಯದೆ ಬಿಟ್ಟಿದ್ದರೆ ಅದು ರೈಲು ಹತ್ತಿ ಚೊಳಚಗುಡ್ಡಕ್ಕೂ ಹೋಗುತ್ತಿತ್ತು. ಹಾಗಾದರೆ ಅವನು ಮಾಡಿದ್ದು ಸರಿಯೇ? ಆ ಸುಣ್ಣದ ನೆಲದ ಮೇಲೆ ಕೂತು ನೋಡಿದವನಿಗೆ ಅಷ್ಟು ಸಲೀಸಾಗಿ ಹೌದು ಎನ್ನಲು ಬರುವುದಿಲ್ಲ. ಎರಡೂ ಕಡೆ ನಿಂತು ನೀವೇ ವಾದ ಮಾಡಿ ನೋಡಿ. ನಿಮಗೆ ಸಾಲೆಯಲ್ಲಿ ಅದಕ್ಕೆ ಬಹುಮಾನ ಕೊಡುತ್ತಾರಂತೆ.

ನೀವು ಈಗ ಬಾಗಲಕೋಟೆಯಲ್ಲಿ ರೈಲು ಹತ್ತುತ್ತೀರಿ, ಕಿಟಕಿಯ ಪಕ್ಕದ ಜಾಗಕ್ಕೆ ಜಗಳ ಆಡುತ್ತೀರಿ, ಬಾದಾಮಿಯಲ್ಲಿ ಇಳಿಯುತ್ತೀರಿ. ನಿಮ್ಮ ಬಗಲಿಗೆ ಯಾರೂ ಕೈ ಹಾಕುವುದಿಲ್ಲ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಸಿಟ್ಟಿನಿಂದ ಕೋಣೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡಳಲ್ಲ? ಅವಳ ಅಪ್ಪ, ಅಜ್ಜಿ, ನಾನು, ಎಲ್ಲರೂ ಹೊರಗೆ ಸಾಲಾಗಿ ನಿಂತು “ಯಾಕವ್ವಾ? ಯಾಕವ್ವಾ?” ಎಂದು ಬೇಡಿಕೊಂಡೆವು. ಅವಳು ಕಾರಣ ಹೇಳಲಿಲ್ಲ. ನಿಮ್ಮ ಅಜ್ಜಿಗೆ ಕೋಪ ಬಂತು. ನನಗೆ ಮಾತ್ರ, ಯಾಕೋ, ಆ ಮುಚ್ಚಿದ ಬಾಗಿಲ ಮುಂದೆ ನಿಂತು ಸಮಾಧಾನ ಆಯಿತು. ಈ ಸಲ ಚಿಲಕ ಕೂಸಿನ ಕಡೆ ಇತ್ತು.