ಸದ್ದಿಲ್ಲದ ಸ್ವಿಚ್ಚು ಯಾಕೆ ಬೇಕಂತೆ?

"ಅಮ್ಮಾ, ವಿರಲ್ ವಲಿಕ್ಕುದು," ಅಂದಳು ಮಗಳು ವೈದೇಹಿ. ಬೆರಳು ನೋವಂತೆ. (ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲೇ. ಚೆನ್ನೈನ ಮೈಲಾಪೂರಿನಲ್ಲಿ ಬೆಳೆದ ಮಕ್ಕಳೇ ಹಾಗೆ.) ಅದಕ್ಕೆ ಕೀಬೋರ್ಡಿನ ಸ್ವಿಚ್ಚುಗಳನ್ನೆಲ್ಲ ಬದಲಾಯಿಸಬೇಕಂತೆ.

ಸ್ವಿಚ್ಚು ಅಂದರೆ ಗೋಡೆಯದಲ್ಲ. ಪ್ರತಿ ಕೀ ಕೆಳಗೂ ಒಂದೊಂದು ಇರುತ್ತದೆ, ಕಿತ್ತು ಬೇರೆ ಹಾಕಬಹುದು. ಈಗಿರುವುದು ನೀಲಿ, ಟಕಟಕ ಅನ್ನುತ್ತದೆ. ಬೇಕಾಗಿರುವುದು ಮೆತ್ತಗಿನದು, ಸದ್ದೇ ಇಲ್ಲದ್ದು.

ಸದ್ದೇ ಇಲ್ಲದ್ದಾ? ನನ್ನ ಕಿವಿ ನೆಟ್ಟಗಾಯಿತು.

ಪೋರೂರಿನ ಆಫೀಸಿನಲ್ಲಿ ಅವಳಿಗಿನ್ನೂ ಪ್ರೊಬೇಷನ್ ನೋಡಿ. ಹಿಂದಿನ ಕಂಪನಿಯವರು ಮೂರೇ ತಿಂಗಳಿಗೆ ಮನೆಗೆ ಕಳಿಸಿದ್ದರು. ಆಗ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ ಹುಡುಗಿ. ಇದೂ ಹೋದರೆ ಅಂತ ನನಗೆ ಭಯ. ವಾರಕ್ಕೆ ಮೂರು ದಿನ ವರ್ಕ್ ಫ್ರಮ್ ಹೋಮ್, ಬಾಗಿಲು ಹಾಕಿಕೊಂಡು. ಒಳಗೆ ನಡೀತಿರೋದು ಕೆಲಸವೋ ಗೇಮೋ? ನನಗೆ ಹೇಳುತ್ತಿದ್ದುದು ಆ ಟಕಟಕವೇ. ಟೈಪಿಂಗ್ ಆದರೆ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಗೇಮ್ ಆದರೆ ಅವೇ ನಾಲ್ಕು ಕೀಗಳ ಮೇಲೆ ಕುಟ್ಟಾಟ. ಹುಳಿಗೆ ತರಕಾರಿ ಹೆಚ್ಚುತ್ತಲೇ ಎಲ್ಲ ಪತ್ತೆ ಮಾಡುತ್ತಿದ್ದೆ.

ಅಂಗಡಿಗೆ ಜೊತೆಯಲ್ಲೇ ಹೊರಟೆ. ಇದನ್ನೆಲ್ಲ ಯಾರು ತಗೊಳ್ತಾರೆ ಅಂತ ಅಂಗಡಿಯವನನ್ನು ತಮಿಳಿನಲ್ಲಿ ಕೇಳಿದೆ. ಟೈಪಿಂಗಿಗೂ ಸುಖ, ಗೇಮಿಂಗಿಗೂ ಸುಖ ಮೇಡಂ, ಅಂದ. ಮೇಡಮ್ಮಿಗೆ ಎರಡನೇ ಅರ್ಧವಷ್ಟೇ ಕೇಳಿಸಿತು.

"ಕೆಲಸವೇ ಮಾಡ್ತಿದ್ರೆ ಸದ್ದಿಗೆ ಯಾಕೆ ಹೆದರಬೇಕು?" ಅಂದೆ ಮಗಳಿಗೆ, ಅಲ್ಲೇ.

ಅವಳು ಸ್ಯಾಂಪಲ್ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ತಲೆ ಎತ್ತಲಿಲ್ಲ. ಅಚ್ಚ ಕನ್ನಡದಲ್ಲಿ ಶುರು ಮಾಡಿದಳು.

"ನಿನಗೆ ಕೊಟ್ಟಿರೋ ನನ್ನ ಹಳೇ ಕೀಬೋರ್ಡಲ್ಲೂ ಇದೇ ನೀಲಿ ಸ್ವಿಚ್ಚೇ ಅಲ್ವಾ ಅಮ್ಮ? ನನ್ನ ರೂಮಿಗೂ ಕೇಳತ್ತೆ. ನೀನು ಅಂಕಣ ಬರೆಯೋವಾಗ ಎರಡು ಪದ ಹೊಡೀತೀಯ, ಒಂದು ಅಳಿಸ್ತೀಯ. ನಿನ್ನೆ 'ಬರೀತಿದ್ದೀನಿ, ಯಾರೂ ಕರೀಬೇಡಿ' ಅಂತ ಹೇಳಿ ಕೂತೆಯಲ್ಲ, ಒಂದು ಗಂಟೆ ಬರೀ ಸ್ಪೇಸ್ ಬಾರ್ ಸದ್ದು. ಯಾವ ಗೇಮು?"

(ಹಾರುವ ಕೋಳಿ. ನಾಲ್ಕನೇ ಲೆವೆಲ್.)

ಅಂಗಡಿಯವನು ನಗು ತಡೆದುಕೊಂಡು ನಿಂತಿದ್ದ. ಅವನಿಗೆ ಕನ್ನಡ ಬರುತ್ತದೋ ಏನೋ, ಅದೂ ಒಂದು ಅನುಮಾನ. ಎರಡು ಕೀಬೋರ್ಡಿಗಾಗುವಷ್ಟು ಕೊಡಪ್ಪ ಅಂದೆ.

ಈಗ ಮನೆ ತಣ್ಣಗಿದೆ, ನನ್ನ ಬೆರಳಿಗೂ ಹಾಯಾಗಿದೆ. ಆದರೆ ಅವಳ ಕೆಲಸ ಹೇಗೆ ನಡೀತಿದೆ ಅಂತ ತಿಳೀಬೇಕಾದರೆ ಇನ್ನು ಬಾಗಿಲು ತಟ್ಟಿ ಅವಳನ್ನೇ ಕೇಳಬೇಕು.

ನಿಜ ಹೇಳ್ತಾಳಾ? ನಾನು ಹೇಳಿದ್ದೆನಾ?