ಕ್ಯಾಲೆಂಡರಿನ ಕೆಳಗಿನ ಕಥೆಗಳು

ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ನನ್ನನ್ನು ನೇಮಿಸಿದ ಆದೇಶ ಬಂದಾಗ, ಅಲ್ಲಿ ಏನು ಕೆಲಸ ಎಂದು ಅವ್ವ ಕೇಳಿದಳು. ಮಕ್ಕಳಿಗೆ ಪುಸ್ತಕ ಕೊಡುವುದು, ಓದಿದ ಮೇಲೆ ವಾಪಸು ತೆಗೆದುಕೊಳ್ಳುವುದು ಎಂದೆ. ಇಷ್ಟಕ್ಕೂ ಪಗಾರ ಕೊಡುತ್ತಾರೇನು ಎಂದಳು ಅವ್ವ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಮುನವಳ್ಳಿಯಲ್ಲಿ ನನ್ನ ಓರಗೆಯ ಹುಡುಗಿಯರೆಲ್ಲ ಲಗ್ನವಾಗಿ ಹೋಗಿದ್ದರು. ನಾನೊಬ್ಬಳು ಗ್ರಂಥಾಲಯ ವಿಜ್ಞಾನ ಓದಿ ಕೂತಿದ್ದೆ. ಆ ವಿಜ್ಞಾನದಲ್ಲಿ ಏನಿರುತ್ತದೆ ಎಂದು ಯಾರೂ ಕೇಳದೆ ಇದ್ದದ್ದು ನನ್ನ ಪುಣ್ಯ.

ಕೆಲಸ ಸಿಕ್ಕ ಊರಿನ ಹೆಸರು ಹೇಳುವುದಿಲ್ಲ. ಸವದತ್ತಿಯಿಂದ ಬೈಲಹೊಂಗಲದ ಕಡೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತಿತ್ತು. ಹುಣ್ಣಿಮೆಯ ದಿನ ಗುಡ್ಡದ ಜಾತ್ರೆಯ ಜನರನ್ನು ತುಂಬಿಕೊಂಡು ನಿಲ್ಲದೆಯೂ ಹೋಗುತ್ತಿತ್ತು. ಇಷ್ಟು ಗುರುತು ಸಾಕು.

ಮಕ್ಕಳ ವಿಭಾಗವೆಂದರೆ ಕಟ್ಟಡದ ಪಕ್ಕಕ್ಕೆ ಅಂಟಿಕೊಂಡಿದ್ದ ಒಂದು ಕೋಣೆ. ಕೆಂಪು ನೀಲಿ ಬಣ್ಣದ ಗಿಡ್ಡ ಕುರ್ಚಿಗಳು, ಗಿಡ್ಡ ಮೇಜುಗಳು, ಗೋಡೆಯ ಮೇಲೆ ಪುಸ್ತಕ ಹಿಡಿದು ನಗುವ ಮೊಲದ ಚಿತ್ರ. ಎಲ್ಲವೂ ಇತ್ತು, ಮಕ್ಕಳು ಮಾತ್ರ ಇರಲಿಲ್ಲ. ಆ ಗಿಡ್ಡ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ದೊಡ್ಡ ಗಂಡಸರು ಪತ್ರಿಕೆ ಓದುತ್ತಿದ್ದರು. ದೊಡ್ಡವರ ಕೋಣೆಯ ಫ್ಯಾನು ಕೆಟ್ಟಿತ್ತು, ಇಲ್ಲಿಯದು ತಿರುಗುತ್ತಿತ್ತು. ಯಾವುದಾದರೂ ಮಗು ಬಾಗಿಲಲ್ಲಿ ಇಣುಕಿದರೆ, ಇದು ಓದುವ ಜಾಗ, ಗದ್ದಲ ಮಾಡಬಾರದು ಎಂದು ಅವರೇ ಎಬ್ಬಿಸಿ ಕಳಿಸುತ್ತಿದ್ದರು.

ನನ್ನ ಮೇಲಧಿಕಾರಿಯನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯರು. ಪುಸ್ತಕಗಳ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ ಮಕ್ಕಳ ಪುಸ್ತಕಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಜನಿವಾರದ ಹಾಗೆ ಮೈಮೇಲೆಯೇ ಇಟ್ಟುಕೊಂಡಿದ್ದರು. ಕಪಾಟು ತೆರೆಯೋಣ ಎಂದು ನಾನು ಕೇಳಿದಾಗ ಅವರು ಸಮಾಧಾನದಿಂದ ಹೇಳಿದರು, "ಹೊರಗ ಬಂದ್ರ ಹರೀತಾವ್ರಿ. ಒಳಗಿದ್ರ ಇರತಾವ."

ಅವರ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಆದರೆ ನಾನು ದಿನಾ ಕೇಳಿದೆ. ಬೆಳಿಗ್ಗೆ ನಮಸ್ಕಾರದ ಜೊತೆ ಕೇಳಿದೆ, ಮಧ್ಯಾಹ್ನ ಅವ್ವ ಕಟ್ಟಿದ ಶೇಂಗಾ ಹೋಳಿಗೆ ಅವರ ಮುಂದಿಟ್ಟು ಕೇಳಿದೆ. ಕೊನೆಗೆ ಬೇಸತ್ತು ಕೀಲಿಕೈ ಕೊಟ್ಟರು. ಗೆದ್ದದ್ದು ನನ್ನ ವಿಜ್ಞಾನವಲ್ಲ, ಹೋಳಿಗೆ.

ಓಣಿಯಾಚೆಗೆ ಹೆಣ್ಣುಮಕ್ಕಳ ಶಾಲೆಯಿತ್ತು. ನಡುವಿನ ಬಿಡುವಿನಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಬರತೊಡಗಿದರು. ಅವರಲ್ಲಿ ಮುಂದಾಳು ಬಳೆಗಾರರ ಮನೆಯ ಹುಡುಗಿ. ಅವಳಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಒಂದು ದಿನ ಏನೋ ಓದುತ್ತ ಆಕೆ ಎಷ್ಟು ಜೋರಾಗಿ ನಕ್ಕಳೆಂದರೆ ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಹಾಗೆ ಇಳಿದ ಒಂದು ಪತ್ರಿಕೆಯ ಹಿಂದೆ ಹೆಡ್‌ಮಾಸ್ತರರಿದ್ದರು.

ಹೆಡ್‌ಮಾಸ್ತರರು ನಿವೃತ್ತರಾಗಿ ಬಹಳ ಕಾಲವಾಗಿತ್ತು, ಆದರೆ ಆ ಸುದ್ದಿ ಅವರಿಗೆ ಇನ್ನೂ ತಲುಪಿದಂತಿರಲಿಲ್ಲ. ಬಿಳಿ ಧೋತರ, ಕರಿ ಟೊಪ್ಪಿಗೆ, ಕಿಸೆಯಲ್ಲಿ ಕೆಂಪು ಶಾಯಿಯ ಪೆನ್ನು. ಪತ್ರಿಕೆಯಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಯೇ ಮುಂದಿನವರಿಗೆ ಕೊಡುತ್ತಿದ್ದರು. ಅವರು ಎದ್ದು ಬಂದು ಹುಡುಗಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ನಿಂತಲ್ಲೇ ಆ ಕಥೆಯನ್ನು ಪೂರ್ತಿ ಓದಿ ನನ್ನ ಮೇಜಿಗೆ ಬಂದರು. ರಾಜನ ಬೆಳ್ಳಿಯ ತಾಂಬೂಲದ ತಟ್ಟೆ ಕದ್ದ ಒಬ್ಬ ಕಳ್ಳನ ಕಥೆ ಅದು.

"ನೋಡವಾ ತಂಗಿ," ಅಂದರು, "ಕಳ್ಳ ಗೆದ್ದಾ ಅಂತ ಓದಿದ ಕೂಸು ನಾಳೆ ಏನ್ ಮಾಡತೈತಿ?"

ನಾಳೆ ಬಂದು ಇನ್ನೊಂದು ಪುಸ್ತಕ ಕೇಳುತ್ತದೆ ಎಂದೆ. ಅವರಿಗೆ ಅದು ಉತ್ತರವೆನಿಸಲಿಲ್ಲ. ನೇರ ಸಾಹೇಬರ ಬಳಿ ಹೋದರು. ಸಾಹೇಬರಿಗೆ ಜಗಳವೆಂದರೆ ಆಗುತ್ತಿರಲಿಲ್ಲ, ಅದರಲ್ಲೂ ತಮಗೆ ಒಂದು ಕಾಲದಲ್ಲಿ ಲೆಕ್ಕ ಕಲಿಸಿದವರ ಜೊತೆ. ಪುಸ್ತಕಗಳನ್ನು ನೀವೇ ಒಮ್ಮೆ ನೋಡಿ ಶುದ್ಧ ಮಾಡಿಕೊಡಿ ಎಂದು ಅವರಿಗೇ ಒಪ್ಪಿಸಿಬಿಟ್ಟರು.

ಹೀಗೆ ಶುದ್ಧೀಕರಣ ಶುರುವಾಯಿತು. ಹೆಡ್‌ಮಾಸ್ತರರು ಸಂಜೆ ಚೀಲದಲ್ಲಿ ಪುಸ್ತಕ ಒಯ್ಯುವರು, ಮನೆಯಲ್ಲಿ ಹೆಂಡತಿಯಿಂದ ಮೈದಾ ಅಂಟು ಕುದಿಸಿಕೊಂಡು, ಮಕ್ಕಳಿಗೆ ಸಲ್ಲದ ಪುಟಗಳ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಅಂಟಿಸಿ ತರುವರು. ಕಳ್ಳ ಪಾರಾಗುವ ಪುಟದ ಮೇಲೆ ಒಂದು ದಪ್ಪ ಹದಿನೇಳು ಬಂತು. ಮುದುಕಿಯ ಮನೆಗೆ ಜೋಳ ಬೀಸಲು ಬರುವ ದೆವ್ವದ ಮೇಲೆ ಅಮಾವಾಸ್ಯೆ ಬಂತು. ಅದು ಬೇಕೆಂದೇ ಮಾಡಿದ್ದೋ, ಹಾಳೆ ಹಾಗೇ ಸಿಕ್ಕಿದ್ದೋ ತಿಳಿಯದು. ಅತ್ತೆಗೆ ಗೊತ್ತಾಗದಂತೆ ಕಣಜದಲ್ಲಿ ಕೂತು ಹೂರಣ ತಿನ್ನುವ ಸೊಸೆಯ ಮೇಲೆ ಕೆಂಪಕ್ಷರದ ಸರಕಾರಿ ರಜೆ. ಸತ್ಯವಂತರು, ಸದಾಚಾರಿಗಳು, ಚಿಕ್ಕಂದಿನಲ್ಲೇ ಬೀದಿದೀಪದ ಕೆಳಗೆ ಓದಿದವರು, ಇವರ ಪುಟಗಳಿಗೆ ಮಾತ್ರ ಏನೂ ಆಗಲಿಲ್ಲ.

ಆಮೇಲೆ ನಡೆದದ್ದನ್ನು ನನ್ನ ಓದಿನಲ್ಲಿ ಯಾರೂ ಕಲಿಸಿರಲಿಲ್ಲ. ವಾರ ಕಳೆಯುವುದರೊಳಗೆ ಶಾಲೆಯ ಅರ್ಧ ಹುಡುಗಿಯರು ಕೋಣೆಯಲ್ಲಿದ್ದರು. ಅವರ ಹಿಂದೆ ಗಂಡುಹುಡುಗರ ಶಾಲೆಯವರು. ಬಳೆಗಾರರ ಹುಡುಗಿ ಬಾಗಿಲಲ್ಲೇ ಕೇಳುವಳು, "ಅಕ್ಕಾರ, ಅಮಾಸಿ ಪುಸ್ತಕ ಬಂದೈತೇನ್ರಿ?" ಪುಸ್ತಕದ ಹೆಸರು ಯಾರಿಗೂ ಬೇಡವಾಗಿತ್ತು. ಹದಿನೇಳನೇ ತಾರೀಖು ಕೊಡಿ, ಕೆಂಪು ರಜೆ ಕೊಡಿ, ಇಷ್ಟೇ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಬ್ಬಳು ಎಡದಿಂದ ಇನ್ನೊಬ್ಬಳು ಬಲದಿಂದ ಅಕ್ಷರ ಕೂಡಿಸುತ್ತಿದ್ದರು. ಶಾಲೆಯಲ್ಲಿ ಮಗ್ಗಿಗೆ ತೊದಲುವ ಹುಡುಗಿ ಇಲ್ಲಿ ಕ್ಯಾಲೆಂಡರಿನ ಕೆಳಗಿನ ಒತ್ತಕ್ಷರ ತಪ್ಪಿಲ್ಲದೆ ಓದುತ್ತಿದ್ದಳು. ಆ ದಪ್ಪ ಹದಿನೇಳೊಂದು ಮಾತ್ರ ಯಾವ ಬೆಳಕಿಗೂ ಬಗ್ಗಲಿಲ್ಲ. ಗಲಾಟೆ ತಡೆಯಲಾರದೆ ಪತ್ರಿಕೆಯವರು ಕೆಟ್ಟ ಫ್ಯಾನಿನ ಕೋಣೆಗೆ ಹೋದರು. ನಾನು ಮಾಡಲಾರದ ಕೆಲಸವನ್ನು ಮೈದಾಹಿಟ್ಟು ಮಾಡಿತ್ತು.

ಹೆಡ್‌ಮಾಸ್ತರರು ಈ ಜಾತ್ರೆಯನ್ನು ನೋಡಿ ಕಣ್ಣು ಒರೆಸಿಕೊಂಡರು. ಪುಸ್ತಕ ಶುದ್ಧವಾದರೆ ಮಕ್ಕಳು ತಾವಾಗಿಯೇ ಬರುತ್ತಾರೆ ಎಂದು ಸಾಹೇಬರಿಗೆ ವಿವರಿಸಿದರು. ಸಾಹೇಬರು ಹೌದೆಂದರು. ನಾನೂ ಹೌದೆಂದೆ. ಇನ್ನಷ್ಟು ಪುಸ್ತಕಗಳನ್ನು ನಾನೇ ಆರಿಸಿ ಚೀಲಕ್ಕೆ ತುಂಬಿಕೊಟ್ಟೆ.

ಮಳೆಗಾಲ ಬಂತು. ಮೈದಾ ಅಂಟು ತೇವ ಹಿಡಿದು ಪುಸ್ತಕಗಳು ಪೂರಿಯ ಹಾಗೆ ಉಬ್ಬಿದವು. ಇರುವೆಗಳಿಗೂ ಓದಿನ ರುಚಿ ಹತ್ತಿತು. ಒಂದು ದಿನ ಬಳೆಗಾರರ ಹುಡುಗಿ ಹದಿನೇಳನೇ ತಾರೀಖನ್ನು ಎಂಜಲು ಹಚ್ಚಿ ಬಿಡಿಸಲು ಹೋದಳು. ಹದಿನೇಳರ ಜೊತೆಗೆ ಕೆಳಗಿನ ಪುಟವೂ ಹರಿದು, ಅಕ್ಷರಗಳೆಲ್ಲ ಕ್ಯಾಲೆಂಡರಿನ ಬೆನ್ನಿಗೆ ಹತ್ತಿ ಮುದ್ದೆಯಾಯಿತು. ಕಳ್ಳ ಅರಮನೆಯೊಳಗೇ ಇದ್ದ, ಸುತ್ತ ಸಿಪಾಯಿಗಳು ನಿಂತಿದ್ದರು, ಮುಂದಿನ ಪುಟ ಇಲ್ಲ.

ಆ ಪುಟದಲ್ಲಿ ಏನಿತ್ತೆಂದು ಗೊತ್ತಿದ್ದವರು ಇಡೀ ಊರಿನಲ್ಲಿ ಇಬ್ಬರೇ ಎಂದು ನಾನು ಆಗ ತಿಳಿದಿದ್ದೆ. ಜೋರಾಗಿ ನಕ್ಕ ದಿನ ಹುಡುಗಿ ಓದಿದ್ದು ಅರ್ಧ ಮಾತ್ರ, ಉಳಿದದ್ದನ್ನು ಓದುವ ಮೊದಲೇ ಪುಸ್ತಕ ಕಿತ್ತುಕೊಂಡಿದ್ದರು. ನಾನು ಓದಿದ್ದೆ, ಆದರೆ ಮಕ್ಕಳು ನನ್ನನ್ನು ಕೇಳಲಿಲ್ಲ. ಅಂಟಿಸಿದವರನ್ನೇ ಕೇಳುವುದು ನ್ಯಾಯವೆಂದು ಅವರಿಗೆ ಅನ್ನಿಸಿರಬೇಕು. ಹೆಡ್‌ಮಾಸ್ತರರು ಬರುತ್ತಲೇ ಸುತ್ತುವರಿದರು.

"ಸರ, ಆ ಕಳ್ಳ ಹ್ಯಾಂಗ ಪಾರಾದ್ರಿ?" ಎಂದಳು ಹುಡುಗಿ.

"ಪಾರಾಗಲಿಲ್ಲ. ಸಿಕ್ಕಬಿದ್ದ. ಜೇಲಿಗೆ ಹಾಕಿದ್ರು."

"ಸಿಕ್ಕಬಿದ್ದಿದ್ರ ನೀವ್ಯಾಕ ಅದನ್ನ ಮುಚ್ಚತಿದ್ರಿ ಸರ?"

ಪಕ್ಕದ ಕೋಣೆಯಲ್ಲಿ ಯಾರೋ ಪತ್ರಿಕೆಯ ಹಿಂದೆ ನಕ್ಕರು. ಹೆಡ್‌ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಊರಿನ ಪತ್ರಿಕೆಗಳು ಅಕ್ಷರದ ತಪ್ಪುಗಳನ್ನು ಹಾಗೆಯೇ ಹೊತ್ತುಕೊಂಡು ಕೈಯಿಂದ ಕೈಗೆ ತಿರುಗಿದವು.

ಸಂತೆಯ ದಿನ ಬಸ್ಸಿಗೆ ಹೋಗುವಾಗ ಮೆಣಸಿನಕಾಯಿ ರಾಶಿಯ ಹತ್ತಿರ ಅವರ ಹೆಂಡತಿ ಸಿಕ್ಕರು. ಸಣ್ಣ ಆಕಾರದ, ಅಗಲ ಕುಂಕುಮದ ಹೆಂಗಸು. ಗ್ರಂಥಾಲಯದವಳು ನೀನೇ ಅಲ್ಲವೇ ಎಂದು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. ಗಂಡನಿಗೆ ಅವಮಾನವಾಯಿತೆಂದು ನನ್ನನ್ನು ಬಯ್ಯಬಹುದು ಎಂದುಕೊಂಡೆ.

"ಹೆಂಗಾರ ಮಾಡಿ ಅವರನ್ನ ವಾಪಸ್ ಕರಕೋರವಾ," ಎಂದರು. "ಮನ್ಯಾಗ ಕುಂತು ಮಸಾಲಿ ಡಬ್ಬಿ ಮ್ಯಾಲಿನ ಅಕ್ಷರ ತಿದ್ದಾಕ ಹತ್ಯಾರ. ನನಗ ಸಾಕಾಗೇತಿ."

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ತಾವು ಒಲೆಯ ಮೇಲೆ ಅಂಟು ಕುದಿಸುವಾಗ ಯಜಮಾನರು ಮಣೆ ಹಾಕಿಕೊಂಡು ಕೂತು ಆ ಕಥೆಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ದೆವ್ವದ ದನಿ ತೆಗೆದು ಹೇಳುತ್ತಿದ್ದರಂತೆ. ಕಳ್ಳನ ಕಥೆ ಹೇಳುವಾಗ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತಂತೆ. ಓದು ಬರದ ತಮಗೆ ಇಷ್ಟು ವರ್ಷದ ಸಂಸಾರದಲ್ಲಿ ಅವರು ಕಥೆ ಹೇಳಿದ್ದು ಆ ದಿನಗಳಲ್ಲೇ ಎಂದು ಹೇಳಿ, ಆಕೆ ಮೆಣಸಿನಕಾಯಿ ಆರಿಸಲು ಕೂತರು. ನನ್ನ ಬಸ್ಸು ಹೋಗಿತ್ತು. ನನಗೇನೂ ಬೇಸರವಾಗಲಿಲ್ಲ.

ಹೊಸ ಪುಸ್ತಕಗಳ ಕಟ್ಟು ಬಂದಿದೆ, ಹಿರಿಯರು ಒಮ್ಮೆ ಕಣ್ಣಾಡಿಸಬೇಕು ಎಂದು ಹೇಳಿ ಕಳಿಸಿದೆ. ಮರುದಿನವೇ ಬಂದರು. ಕಟ್ಟು ಯಾವುದೂ ಇರಲಿಲ್ಲ. ಅವರು ಹುಡುಕುವುದರೊಳಗೆ ಮಕ್ಕಳು ಬಂದು ಅದೇ ಪ್ರಶ್ನೆ ಹಿಡಿದು ನಿಂತರು. ಹೆಡ್‌ಮಾಸ್ತರರು ಬಾಗಿಲ ಕಡೆ ನೋಡಿದರು. ನಾನು ಅವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಒಲಿ ಮುಂದ ಹೇಳಿದ್ದನ್ನ ಇಲ್ಲೂ ಒಮ್ಮಿ ಹೇಳ್ರಿ ಸರ."

ಅವರು ನನ್ನನ್ನು ನೋಡಿದರು. ಆಮೇಲೆ ಗೋಡೆಯ ಮೊಲವನ್ನು ನೋಡಿದರು. ಆಮೇಲೆ ಧೋತರ ಎತ್ತಿಕೊಂಡು ನೀಲಿ ಕುರ್ಚಿಯಲ್ಲಿ ಕೂತರು. ಈ ಕಥೆ ಎಷ್ಟು ಕೆಟ್ಟದ್ದೆಂದು ತಿಳಿಯಲಿ ಎಂಬ ಕಾರಣಕ್ಕೆ ಮಾತ್ರ ಹೇಳುತ್ತಿದ್ದೇನೆ ಎಂದು ಮೊದಲೇ ಎಚ್ಚರಿಸಿದರು. ಮಕ್ಕಳು ಒಪ್ಪಿದರು.

ಸಿಪಾಯಿಗಳು ಸುತ್ತುವರಿದಾಗ ಕಳ್ಳ ಅವರ ಕೈಯಿಂದಲೇ ಒಂದು ದೀವಟಿಗೆ ಕಿತ್ತುಕೊಂಡು, ಕಳ್ಳನನ್ನು ಹಿಡಿಯಿರಿ ಎಂದು ಎಲ್ಲರಿಗಿಂತ ಮೊದಲು ತಾನೇ ಕೂಗುತ್ತಾನೆ. ಒಬ್ಬನನ್ನು ಪೂರ್ವಕ್ಕೆ ಓಡಿಸುತ್ತಾನೆ, ಇನ್ನೊಬ್ಬನಿಗೆ ನಿದ್ದೆ ಮಾಡುತ್ತಿದ್ದೆಯಾ ಎಂದು ಗದರುತ್ತಾನೆ. ಅವನ ಉತ್ಸಾಹ ಮೆಚ್ಚಿ ರಾಜ ತನ್ನದೇ ಕುದುರೆ ಕೊಟ್ಟು, ಕಳ್ಳ ಸಿಗುವವರೆಗೆ ತಿರುಗಿ ಬರಬೇಡ ಎಂದು ಅಪ್ಪಣೆ ಮಾಡುತ್ತಾನೆ. ಕಳ್ಳ ರಾಜಾಜ್ಞೆಯನ್ನು ಮೀರದವನು. ಇನ್ನೂ ತಿರುಗಿ ಬಂದಿಲ್ಲ.

ಪುಟದಲ್ಲಿ ಇದ್ದದ್ದು ನಾಲ್ಕೈದು ಸಾಲು. ಹೆಡ್‌ಮಾಸ್ತರರು ಅದಕ್ಕೆ ಸಿಪಾಯಿಯ ಗೊಗ್ಗರು ದನಿ, ರಾಜನ ಆಕಳಿಕೆ, ಕುದುರೆಯ ಹೆಜ್ಜೆ ಎಲ್ಲ ಹಾಕಿದರು. ಪತ್ರಿಕೆಯವರು ಬಾಗಿಲಿಗೆ ಬಂದು ನಿಂತಿದ್ದರು. ಸಾಹೇಬರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಎಲ್ಲರೂ ಕೇಳುತ್ತಿದ್ದಾರೆಂದು ಅರಿವಾದ ಕೂಡಲೇ ಹೆಡ್‌ಮಾಸ್ತರರು ಗಡಬಡಿಸಿ, ಆದ್ದರಿಂದ ಮಕ್ಕಳೇ ಕಳವು ಮಹಾಪಾಪ ಎಂದು ಮುಗಿಸಿದರು. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿ ಮಕ್ಕಳು ಓಡಿದ್ದರು, ದೊಡ್ಡವರು ಪತ್ರಿಕೆಗಳಿಗೆ ಮರಳಿದ್ದರು, ನೀತಿಯನ್ನು ಕೇಳಲು ಕೋಣೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ.

ಮರುದಿನ ಮಕ್ಕಳು ದೆವ್ವವನ್ನು ಕೇಳಿದರು. ಹೆಡ್‌ಮಾಸ್ತರರು ಅಂಥ ಮೂಢನಂಬಿಕೆಯನ್ನು ಕಟುವಾಗಿ ಖಂಡಿಸಿ, ನಂತರ ದೆವ್ವದ ದನಿ ತೆಗೆದರು. ಆಮೇಲೆ ಅದೇ ಪರಿಪಾಠವಾಯಿತು. ಪ್ರತಿ ಮಧ್ಯಾಹ್ನ ಒಂದು ಹಾನಿಕಾರಕ ಕಥೆ. ಪುಸ್ತಕದ ಕಥೆಗಳು ತೀರಿದಾಗ ತಾವೇ ಕಟ್ಟತೊಡಗಿದರು, ಅವು ಇನ್ನೂ ಹಾನಿಕಾರಕವಾಗಿದ್ದವು. ಅಂಟಿಸುವ ಕೆಲಸಕ್ಕೆ ಬಿಡುವು ಸಿಗುತ್ತಿಲ್ಲವೆಂದು ನನ್ನ ಬಳಿ ಹೇಳಿಕೊಂಡರು. ಪರವಾಗಿಲ್ಲ, ಆತುರವೇನೂ ಇಲ್ಲ ಎಂದೆ.

ಮುಂದೊಂದು ವರ್ಷ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದರು. ಮಕ್ಕಳು ತುಂಬಿದ ಕೋಣೆ ನೋಡಿ, ಈ ಯೋಜನೆ ಯಾರದು ಎಂದು ಕೇಳಿದರು. ಸಾಹೇಬರು ವಿನಯದಿಂದ ತಲೆ ತಗ್ಗಿಸಿದರು. ಹೆಡ್‌ಮಾಸ್ತರರು ವಿನಯದಿಂದ ತಲೆ ಎತ್ತಿದರು. ಅಧಿಕಾರಿಗಳು ಇಬ್ಬರ ಕೈಯನ್ನೂ ಕುಲುಕಿ, ಚಹಾ ಕುಡಿದು, ನನ್ನ ಕಡೆ ತಿರುಗಿ ಕಪ್ಪು ಒಯ್ಯಲು ಹೇಳಿದರು. ಒಯ್ದೆ.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ನನಗೆ ರಾಮದುರ್ಗದ ಕಡೆ ವರ್ಗವಾಯಿತು. ಹೆಡ್‌ಮಾಸ್ತರರು ಬಸ್ಸಿನವರೆಗೆ ಬಂದು, ನನ್ನ ವರ್ಗಾವಣೆ ಆದೇಶದಲ್ಲಿ ಎರಡು ಅಕ್ಷರ ತಿದ್ದಿಕೊಟ್ಟು, ಹೋಗಿ ಬಾ ತಂಗಿ ಎಂದರು.

ಹೊಸ ಊರಿನಲ್ಲಿ ಕಪಾಟಿಗೆ ಕೀಲಿಯಿರಲಿಲ್ಲ, ಅಂಟಿಸುವವರೂ ಇರಲಿಲ್ಲ. ಹೀಗಾಗಿ ಮಕ್ಕಳೂ ಇರಲಿಲ್ಲ. ನಾನೇ ಕಥೆ ಹೇಳುತ್ತೇನೆಂದು ಶಾಲೆಗೆ ಹೋಗಿ ಕರೆದು ಬಂದೆ. ಒಂದಷ್ಟು ಮಕ್ಕಳು ಬಂದು ಚಾಪೆಯ ಮೇಲೆ ಕೂತರು. ದೆವ್ವದ ದನಿ ತೆಗೆದೆ. ಯಾರೂ ಹೆದರಲಿಲ್ಲ. ಮುಂದೆ ಕೂತಿದ್ದ ನೇಕಾರರ ಮನೆಯ ಹುಡುಗನೊಬ್ಬ ಬಹಳ ಹೊತ್ತು ಸಹಿಸಿಕೊಂಡು, ಕೊನೆಗೆ ಮರ್ಯಾದೆಯಿಂದ ಕೇಳಿದ, "ಅಕ್ಕಾರ, ಪುಸ್ತಕಾ ಕೊಟ್ಟಬಿಡ್ರಲ್ಲಾ, ನಾವ ಓದಕೋತೇವಿ."

ಕೊಟ್ಟೆ. ಅವರು ಗೋಡೆಗೆ ಒರಗಿ ಓದಲು ಕೂತರು.